ಜೇಸಿ ಸೇರಬೇಕೆಂದಿದ್ದೀರಾ? ಮೊದಲ ಸಭೆಯಿಂದ ಮೊದಲ ಜವಾಬ್ದಾರಿಯವರೆಗೆ

"ಈ ಊರಿಗೆ ಬಂದು ಆರು ತಿಂಗಳಾಯಿತು, ಆಫೀಸು ಬಿಟ್ಟರೆ ಒಬ್ಬರೂ ಪರಿಚಯವಿಲ್ಲ. ಜೇಸಿ ಸೇರಬಹುದಾ? ಸೇರಿದರೆ ಏನು ಉಪಯೋಗ? ಖರ್ಚೆಷ್ಟು?" ಹೊಸದಾಗಿ ಕ್ಲಿನಿಕ್ ಇಟ್ಟವರು, ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಗಳು, ಹುಟ್ಟೂರಿಗೆ ವಾಪಸಾಗಿ ಮನೆಯಿಂದಲೇ ಬೆಂಗಳೂರಿನ ಕಂಪನಿಗೆ ದುಡಿಯುವ ಎಂಜಿನಿಯರ್‌ಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಒಂದೇ ಕಡೆ ಉತ್ತರ ಇರಲಿ ಎಂದು ಈ ಲೇಖನ.

ಜೇಸಿ ಎಂದರೆ ಜೂನಿಯರ್ ಚೇಂಬರ್ ಇಂಟರ್‌ನ್ಯಾಷನಲ್, ಅಂದರೆ ಜೆಸಿಐ. ಹೆನ್ರಿ ಗೀಸನ್‌ಬಿಯರ್ ಎಂಬಾತ 1915ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಕಟ್ಟಿದ ಯುವಕರ ಕೂಟ ಇದರ ಮೂಲ. ಅಂತರರಾಷ್ಟ್ರೀಯ ಸಂಸ್ಥೆಯಾಗಿ ರೂಪುಗೊಂಡದ್ದು 1944ರಲ್ಲಿ, ಮೆಕ್ಸಿಕೋ ನಗರದಲ್ಲಿ. 18ರಿಂದ 40 ವರ್ಷದವರು ಸದಸ್ಯರಾಗಬಹುದು. ಊರಿನ ಮಟ್ಟದ ಕೂಟಕ್ಕೆ 'ಘಟಕ' ಎನ್ನುತ್ತಾರೆ. ಹಲವು ಘಟಕಗಳು ಸೇರಿದರೆ ಒಂದು 'ವಲಯ'. ದಕ್ಷಿಣ ಕನ್ನಡ, ಉಡುಪಿ ಕಡೆಯವರು ಪತ್ರಿಕೆಯಲ್ಲಿ ನೋಡುವ 'ವಲಯ 15' ಇದೇ.

ಸೇರುವ ಮುನ್ನ ಬೇರೆ ಕೂಟಗಳನ್ನೂ ತಿಳಿದುಕೊಂಡಿರಿ. ತಪ್ಪು ಮನೆಯ ಬಾಗಿಲು ತಟ್ಟಿ ಆಮೇಲೆ ಬೇಸರಪಡುವವರೇ ಹೆಚ್ಚು.

ರೋಟರಾಕ್ಟ್ ಎನ್ನುವುದು ರೋಟರಿಯ ಯುವ ಬಳಗ, 1968ರಲ್ಲಿ ಶುರುವಾದದ್ದು. ಹಿಂದೆ 30 ವರ್ಷದ ಮಿತಿ ಇತ್ತು, 2020ರಲ್ಲಿ ಅದನ್ನು ತೆಗೆದರು. ಆದರೂ ಎಷ್ಟೋ ಊರುಗಳಲ್ಲಿ ಅದು ಕಾಲೇಜು ಹುಡುಗರ ಕ್ಲಬ್ ಆಗಿಯೇ ಉಳಿದಿದೆ. ಟೋಸ್ಟ್‌ಮಾಸ್ಟರ್ಸ್‌ನಲ್ಲಿ ಮುಖ್ಯವಾದದ್ದು ಮಾತಿನ ಅಭ್ಯಾಸ. ಅಲ್ಲಿ ಒಬ್ಬರು ಗಡಿಯಾರ ಹಿಡಿದು ಕೂರುತ್ತಾರೆ, ಇನ್ನೊಬ್ಬರು ನೀವು ಎಷ್ಟು ಸಲ 'ಅಂ... ಆಂ...' ಎಂದಿರೆಂದು ಎಣಿಸುತ್ತಾರೆ. ಬಿಎನ್‌ಐ ಪೂರ್ತಿ ವ್ಯಾಪಾರದ ಕೂಟ. ಒಂದು ಗುಂಪಿನಲ್ಲಿ ಒಂದು ವೃತ್ತಿಗೆ ಒಬ್ಬರಿಗಷ್ಟೇ ಜಾಗ, ವಾರವಾರ ಹಾಜರಿ ಕಡ್ಡಾಯ, ಶುಲ್ಕವೂ ಭಾರಿ. ನಿಮ್ಮದೇ ಅಂಗಡಿ, ಕಚೇರಿ ಇದ್ದು ಗಿರಾಕಿಗಳು ಬೇಕಿದ್ದರೆ ಅದು ಸರಿ. ಸಂಬಳದ ಕೆಲಸದವರಿಗೆ ಅಲ್ಲಿ ಹೆಚ್ಚೇನೂ ದಕ್ಕುವುದಿಲ್ಲ. ಜೇಸಿ ಇವುಗಳ ನಡುವೆ ನಿಲ್ಲುತ್ತದೆ: ಸ್ವಲ್ಪ ತರಬೇತಿ, ಸ್ವಲ್ಪ ಸಮಾಜಸೇವೆ, ಸ್ವಲ್ಪ ವ್ಯವಹಾರ, ಸಾಕಷ್ಟು ಒಡನಾಟ. ತಾಲ್ಲೂಕು ಕೇಂದ್ರಗಳಲ್ಲೂ ಸಿಗುವುದು ಅದರ ಅನುಕೂಲ.

1. ನಿಮಗೆ ಏನು ಬೇಕು ಎಂದು ಒಂದೇ ಸಾಲಿನಲ್ಲಿ ಬರೆಯಿರಿ

"ನೆಟ್‌ವರ್ಕಿಂಗ್ ಬೇಕು" ಎಂದು ಬರೆದರೆ ಏನೂ ಬರೆದಂತಾಗುವುದಿಲ್ಲ. "ವೇದಿಕೆ ಮೇಲೆ ಐದು ನಿಮಿಷ ನಡುಗದೆ ಮಾತಾಡಬೇಕು", "ಊರಿನ ಇಪ್ಪತ್ತು ಅಂಗಡಿ ಮಾಲೀಕರಿಗೆ ನನ್ನ ಮುಖ ಗೊತ್ತಿರಬೇಕು", "ಆಫೀಸಿನಾಚೆ ನಾಲ್ಕು ಜನ ಸ್ನೇಹಿತರು ಬೇಕು" ಎಂದು ಬರೆಯಿರಿ. ಯಾವ ಜವಾಬ್ದಾರಿ ಒಪ್ಪಿಕೊಳ್ಳಬೇಕು, ಯಾವುದಕ್ಕೆ ಬೇಡ ಎನ್ನಬೇಕು ಎಂಬುದನ್ನು ಮುಂದೆ ಈ ಸಾಲೇ ತೀರ್ಮಾನಿಸುತ್ತದೆ.

ತಿಂಗಳಿಗೆ ಎಂಟು ಗಂಟೆ ಬಿಡುವಿದೆಯೇ ಎಂಬುದನ್ನೂ ಈಗಲೇ ನೋಡಿಕೊಳ್ಳಿ. ಎರಡು ಸಂಜೆ, ಒಂದು ಅರ್ಧ ಭಾನುವಾರ. ಇಷ್ಟೂ ಇಲ್ಲದಿದ್ದರೆ ಈ ವರ್ಷ ಸುಮ್ಮನಿರಿ.

2. ಘಟಕ ಹುಡುಕಿ, ಜೀವಂತವಾಗಿದೆಯೇ ನೋಡಿ

ಊರ ಹೆಸರಿನ ಜೊತೆ 'ಜೆಸಿಐ' ಸೇರಿಸಿ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹುಡುಕಿ. ಸ್ಥಳೀಯ ಪತ್ರಿಕೆಯ ಜಿಲ್ಲಾ ಪುಟದಲ್ಲಿ 'ಜೇಸಿ ಘಟಕದ ಪದಗ್ರಹಣ' ಎಂಬ ಸುದ್ದಿ ಹುಡುಕಿದರೆ ಈ ವರ್ಷದ ಅಧ್ಯಕ್ಷರು, ಕಾರ್ಯದರ್ಶಿ ಯಾರೆಂಬುದು ಗೊತ್ತಾಗುತ್ತದೆ. ಕೆಲವು ಊರುಗಳಲ್ಲಿ ಜೇಸಿ ಭವನವೇ ಇದೆ, ಅಲ್ಲಿಗೇ ಹೋಗಿ ವಿಚಾರಿಸಬಹುದು.

ಪುಟದಲ್ಲಿ ಕಳೆದ ಮೂರು ತಿಂಗಳ ಫೋಟೊಗಳನ್ನು ನೋಡಿ. ಪ್ರತಿ ಫೋಟೊದಲ್ಲೂ ಅದೇ ಆರು ಮುಖ, ಬರೀ ಶಾಲು ಹೊದಿಸಿ ಹಾರ ಹಾಕುವ ದೃಶ್ಯಗಳೇ ಇದ್ದರೆ ಆ ಘಟಕ ಹೆಸರಿಗಷ್ಟೇ ನಡೆಯುತ್ತಿದೆ ಎಂದು ತಿಳಿಯಿರಿ. ತರಬೇತಿ, ಶಾಲಾ ಕಾರ್ಯಕ್ರಮ, ಹೊಸ ಸದಸ್ಯರ ಸೇರ್ಪಡೆ ಕಾಣಿಸಿದರೆ ಹೋಗಿ ನೋಡಲಡ್ಡಿಯಿಲ್ಲ.

ಕ್ಯಾಲೆಂಡರ್ ಗೊತ್ತಿರುವುದು ಮುಖ್ಯ. ಜೇಸಿ ವರ್ಷ ಜನವರಿ 1ಕ್ಕೆ ಶುರುವಾಗಿ ಡಿಸೆಂಬರ್ 31ಕ್ಕೆ ಮುಗಿಯುತ್ತದೆ, ಅಧ್ಯಕ್ಷರ ಅವಧಿಯೂ ಅಷ್ಟೇ. ರೋಟರಿ ಬಳಗದ ವರ್ಷ ಜುಲೈಯಿಂದ ಜೂನ್‌ವರೆಗೆ. ಸೆಪ್ಟೆಂಬರ್ 9ರಿಂದ 15ರವರೆಗೆ ಜೇಸಿ ಸಪ್ತಾಹ. ಏಳು ದಿನ ಬೇರೆಬೇರೆ ಕಾರ್ಯಕ್ರಮ ಇರುವುದರಿಂದ ಘಟಕದ ಶಕ್ತಿ, ದೌರ್ಬಲ್ಯ ಎರಡೂ ಒಂದೇ ವಾರದಲ್ಲಿ ಕಣ್ಣಿಗೆ ಬೀಳುತ್ತವೆ. ಸಪ್ತಾಹದ ಆಸುಪಾಸಿನಲ್ಲಿ ಮುಂದಿನ ವರ್ಷದ ಆಯ್ಕೆ ನಡೆದು, ನವೆಂಬರ್-ಡಿಸೆಂಬರಿನಲ್ಲಿ ಹೊಸ ತಂಡ ರೂಪುಗೊಳ್ಳುತ್ತದೆ. ಹಾಗಾಗಿ ಜುಲೈ-ಆಗಸ್ಟ್‌ನಲ್ಲಿ ಅತಿಥಿಯಾಗಿ ಹೋಗಿ, ಸಪ್ತಾಹ ನೋಡಿ, ಅಕ್ಟೋಬರಿನಲ್ಲಿ ನಿರ್ಧರಿಸುವುದು ಒಳ್ಳೆಯದು. ನವೆಂಬರಿನಲ್ಲಿ ಹಣ ಕಟ್ಟುವವರು ಅದು ಮುಗಿಯುತ್ತಿರುವ ವರ್ಷಕ್ಕೋ, ಬರುವ ವರ್ಷಕ್ಕೋ ಎಂದು ಕೇಳಿಯೇ ಕಟ್ಟಬೇಕು. ಕೇಳದೆ ಕಟ್ಟಿ ಎರಡು ತಿಂಗಳಿಗೆ ಇಡೀ ವರ್ಷದ ಶುಲ್ಕ ಕಳೆದುಕೊಂಡವರಿದ್ದಾರೆ.

3. ಅತಿಥಿಯಾಗಿ ಎರಡು ಸಭೆಗಳಿಗೆ ಹೋಗಿ

ಒಂದು ಸಾಲದು. ಮೊದಲನೆಯದು ಮಾಮೂಲಿ ಮಾಸಿಕ ಸಭೆ ಆಗಿರಲಿ, ಎರಡನೆಯದು ತರಬೇತಿ ಅಥವಾ ಸಮುದಾಯ ಕಾರ್ಯಕ್ರಮ. ಪದಗ್ರಹಣಕ್ಕೆ ಹೋಗಿ ತೀರ್ಮಾನಿಸಬೇಡಿ. ಮದುವೆ ಮನೆ ನೋಡಿ ಸಂಸಾರ ಅಳೆದಂತಾಗುತ್ತದೆ.

ಹೋಗುವ ಮುನ್ನ ಕಾರ್ಯದರ್ಶಿಗೆ ಹೀಗೊಂದು ವಾಟ್ಸ್ಆ್ಯಪ್ ಸಂದೇಶ ಸಾಕು: "ನಮಸ್ಕಾರ ಸರ್, ನಾನು ಇಂಥವರು, ಇಲ್ಲಿ ಇಂಥ ಕೆಲಸದಲ್ಲಿದ್ದೇನೆ. ನಿಮ್ಮ ಮುಂದಿನ ಸಭೆಗೆ ಅತಿಥಿಯಾಗಿ ಬರಬಹುದೇ? ದಿನ, ಸಮಯ, ಸ್ಥಳ ತಿಳಿಸಿ." ರೆಸ್ಯೂಮೆ, ಬ್ರೋಶರ್ ಯಾವುದನ್ನೂ ಜೊತೆಗೆ ಕಳಿಸಬೇಡಿ.

ಸಭೆಯ ಶಿಷ್ಟಾಚಾರ ಮೊದಲ ಸಲ ನೋಡುವವರಿಗೆ ನಾಟಕೀಯ ಅನಿಸಬಹುದು. ಮೊದಲು 'ವೇದಿಕೆ ಆಹ್ವಾನ', ಅಂದರೆ ಗಣ್ಯರನ್ನು ಹೆಸರು ಹಿಡಿದು ವೇದಿಕೆಗೆ ಕರೆಯುವುದು. ಆಮೇಲೆ ಎಲ್ಲರೂ ಎದ್ದು ನಿಲ್ಲುತ್ತಾರೆ, ಒಬ್ಬರು 'ಜೇಸಿ ವಾಣಿ' ವಾಚಿಸುತ್ತಾರೆ. ಅದು ಸಂಸ್ಥೆಯ ನಂಬಿಕೆಗಳನ್ನು ಹೇಳುವ ಕೆಲವು ಸಾಲುಗಳು. ವೇದಿಕೆ ಮೇಲೆ ಎಲ್ಲರ ಹೆಸರಿನ ಮುಂದೂ 'ಜೇಸಿ' ಸೇರಿಸುತ್ತಾರೆ. 'ನಿಕಟಪೂರ್ವ ಅಧ್ಯಕ್ಷರು' ಎಂದರೆ ಹೋದ ವರ್ಷದವರು, 'ಪೂರ್ವಾಧ್ಯಕ್ಷರು' ಎಂದರೆ ಅದಕ್ಕೂ ಹಿಂದಿನವರು. 'ಸೆನೆಟರ್' ಎನ್ನುವುದು ಆಜೀವ ಸದಸ್ಯತ್ವದ ಗೌರವ. ಹೆಸರಿನ ಜೊತೆ ಎಚ್‌ಜಿಎಫ್ ಎಂದಿದ್ದರೆ ಅದು ಸಂಸ್ಥೆಯ ಫೌಂಡೇಷನ್‌ಗೆ ಕೊಟ್ಟ ದೇಣಿಗೆಗೆ ಸಂದ ಬಿರುದು, ಓದಿ ಪಡೆದ ಪದವಿಯಲ್ಲ.

ಸಭೆಯಲ್ಲಿ ಗಮನಿಸಬೇಕಾದ್ದು ಮೂರು. ಹೇಳಿದ ಸಮಯಕ್ಕೂ ಶುರುವಾದ ಸಮಯಕ್ಕೂ ಎಷ್ಟು ಅಂತರ (ಇಪ್ಪತ್ತು ನಿಮಿಷ ನಮ್ಮೂರುಗಳಲ್ಲಿ ಕ್ಷಮ್ಯ, ಒಂದು ಗಂಟೆ ಅಲ್ಲ). ಹಿಂದಿನ ಕಾರ್ಯಕ್ರಮದ ಲೆಕ್ಕವನ್ನು ಸಭೆಯಲ್ಲಿ ಓದುತ್ತಾರೆಯೇ. ಎರಡು ವರ್ಷದೊಳಗೆ ಸೇರಿದವರಲ್ಲಿ ಯಾರಾದರೂ ಮೈಕ್ ಹಿಡಿದರೇ, ಬರೀ ಪೂರ್ವಾಧ್ಯಕ್ಷರ ಭಾಷಣವೇ ಆಯಿತೇ. ಹೊಸಬರಿಗೆ ಮೈಕ್ ಕೊಡದ ಘಟಕದಲ್ಲಿ ನಿಮಗೂ ಸಿಗುವುದಿಲ್ಲ.

ಊಟ ಇದ್ದರೆ ಉಳಿಯಿರಿ. ಸಭೆಯಲ್ಲಿ ಆಗದ ಪರಿಚಯ ಊಟದ ಸಾಲಿನಲ್ಲಿ ಆಗುತ್ತದೆ. ತಟ್ಟೆ ಹಿಡಿದು ಒಂದೇ ಕಡೆ ನಿಲ್ಲದೆ, ಮೂವರ ಜೊತೆ ಐದೈದು ನಿಮಿಷ ಮಾತಾಡಿದರೆ ಆ ದಿನಕ್ಕೆ ಸಾಕು.

4. ಮೂವತ್ತು ಸೆಕೆಂಡಿನ ಪರಿಚಯ ಸಿದ್ಧವಿರಲಿ

ಅತಿಥಿಗಳನ್ನು ಎದ್ದು ಪರಿಚಯಿಸಿಕೊಳ್ಳಲು ಹೇಳುವುದು ವಾಡಿಕೆ. ಇಲ್ಲಿ ಬಹುಪಾಲು ಜನ ಪದವಿ, ಕಂಪನಿ, ಹುದ್ದೆ ಹೇಳಿ ಕೂತುಬಿಡುತ್ತಾರೆ. ಅದು ಯಾರಿಗೂ ನೆನಪುಳಿಯುವುದಿಲ್ಲ. ಹೆಸರು, ಎಲ್ಲಿಯವರು, ಯಾರ ಯಾವ ಕಷ್ಟ ನಿಮ್ಮ ಹತ್ತಿರ ಬರುತ್ತದೆ, ಇಲ್ಲಿಗೆ ಯಾಕೆ ಬಂದಿರಿ: ನಾಲ್ಕೇ ವಾಕ್ಯ. ತುಮಕೂರಿನ ಒಬ್ಬ ತೆರಿಗೆ ಸಲಹೆಗಾರರು ಹೀಗೆ ಹೇಳಬಹುದು:

"ನಮಸ್ಕಾರ, ನಾನು ಸುಮಾ. ಬಿ.ಎಚ್. ರಸ್ತೆಯಲ್ಲಿ ಕಚೇರಿ ಇದೆ. ತಿಂಗಳ 20ನೇ ತಾರೀಖು ಹತ್ತಿರ ಬಂದರೆ ಜಿಎಸ್‌ಟಿ ರಿಟರ್ನ್ ಅಂತ ಗಾಬರಿಯಾಗುವ ಸಣ್ಣ ಅಂಗಡಿಯವರ ಲೆಕ್ಕ ನೋಡಿಕೊಳ್ಳುತ್ತೇನೆ. ನಾಲ್ಕು ಜನರ ಮುಂದೆ ಮಾತಾಡಲು ಕಲಿಯೋಣ ಅಂತ ಬಂದೆ."

ಮನೆಯಲ್ಲಿ ಮೊಬೈಲ್‌ನ ಸ್ಟಾಪ್‌ವಾಚ್ ಇಟ್ಟು ಐದು ಸಲ ಹೇಳಿ ನೋಡಿ. ಆಡುಮಾತಿನಲ್ಲೇ ಇರಲಿ. ಕರಾವಳಿಯಲ್ಲಿ ಊಟದ ಹೊತ್ತಿನ ಮಾತು ತುಳುವಿಗೆ ಹೊರಳುತ್ತದೆ. ತುಳು ಬಾರದಿದ್ದರೆ ನಗುತ್ತಾ ಹಾಗೆಂದುಬಿಡಿ, ಕಲಿಸಲು ಹತ್ತು ಜನ ಮುಂದೆ ಬರುತ್ತಾರೆ.

ವಕೀಲರು, ವೈದ್ಯರು, ಚಾರ್ಟರ್ಡ್ ಅಕೌಂಟೆಂಟ್‌ಗಳು ಇಲ್ಲಿ ಎಚ್ಚರ ವಹಿಸಬೇಕು. ಬಾರ್ ಕೌನ್ಸಿಲ್‌ನ 36ನೇ ನಿಯಮ ವಕೀಲರು ಕೆಲಸ ಕೋರುವುದನ್ನು, ಜಾಹೀರಾತು ಕೊಡುವುದನ್ನು ನಿಷೇಧಿಸುತ್ತದೆ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ, ಸಿಎಗಳಿಗೆ 1949ರ ಕಾಯ್ದೆ ಕೂಡ ಗಿರಾಕಿಗಳನ್ನು ಹೀಗೆ ಕರೆಯುವುದಕ್ಕೆ ಅಡ್ಡಿ. ಎದ್ದು ನಿಂತು "ಸದಸ್ಯರಿಗೆ ಶೇ 20 ರಿಯಾಯಿತಿ" ಎನ್ನಬೇಡಿ. ನಿಮ್ಮ ವಿಷಯದ ಬಗ್ಗೆ ಮಾಹಿತಿ ಕೊಡುವ ಮಾತಿಗೆ ಯಾರ ಆಕ್ಷೇಪವೂ ಇರುವುದಿಲ್ಲ.

5. ಹಣದ ಪ್ರಶ್ನೆಗಳನ್ನು ಮೊದಲೇ ಕೇಳಿ

ಸದಸ್ಯತ್ವ ಶುಲ್ಕ ಊರಿಂದ ಊರಿಗೆ ಬೇರೆ. ಕಟ್ಟಿದ್ದರಲ್ಲಿ ಒಂದು ಪಾಲು ರಾಷ್ಟ್ರೀಯ ಸಂಸ್ಥೆಗೆ, ವಲಯಕ್ಕೆ ಹೋಗುತ್ತದೆ, ಉಳಿದದ್ದು ಘಟಕಕ್ಕೆ. ಸಂಕೋಚ ಬಿಟ್ಟು ಖಜಾಂಚಿಯನ್ನೇ ಕೇಳಿ:

ವರ್ಷದ ಶುಲ್ಕ ಎಷ್ಟು, ರಶೀದಿ ಕೊಡುತ್ತೀರಾ? ಶುಲ್ಕ ಬಿಟ್ಟು ಹೋದ ವರ್ಷ ಒಬ್ಬ ಸದಸ್ಯರು ಇನ್ನೆಷ್ಟು ಹಾಕಬೇಕಾಯಿತು? ಪದಗ್ರಹಣದ ಊಟ, ಕುಟುಂಬ ಸಮ್ಮಿಲನ, ವಲಯ ಸಮ್ಮೇಳನದ ನೋಂದಣಿ, ಸ್ಮರಣ ಸಂಚಿಕೆಯ ಜಾಹೀರಾತು ಇವಕ್ಕೆ ಬೇರೆ ಬೇರೆ ಕೊಡಬೇಕೇ?

ಎರಡನೆಯ ಪ್ರಶ್ನೆಗೆ ಸಿಗುವ ಉತ್ತರವೇ ನಿಜವಾದ ಶುಲ್ಕ. "ಅದೆಲ್ಲ ಏನಿಲ್ಲ, ನೋಡ್ಕೊಳೋಣ" ಎಂದರೆ ಇನ್ನೊಬ್ಬ ಸದಸ್ಯರನ್ನು ಪ್ರತ್ಯೇಕವಾಗಿ ಕೇಳಿ.

ಹಣವನ್ನು ಘಟಕದ ಬ್ಯಾಂಕ್ ಖಾತೆಗೆ ಅಥವಾ ಖಾತೆಯ ಕ್ಯೂಆರ್ ಕೋಡ್‌ಗೆ ಮಾತ್ರ ಹಾಕಿ. ಅಧ್ಯಕ್ಷರ ಸ್ವಂತ ನಂಬರಿಗೆ ಫೋನ್‌ಪೇ ಮಾಡಿದ ಹಣಕ್ಕೆ ವರ್ಷದ ಕೊನೆಯಲ್ಲಿ ಲೆಕ್ಕ ಸಿಗುವುದು ಕಷ್ಟ. ಅಧ್ಯಕ್ಷರು ಪ್ರಾಮಾಣಿಕರೇ ಇದ್ದರೂ ಮನೆಯ ಹಾಲಿನ ದುಡ್ಡಿನ ಜೊತೆ ಬೆರೆತುಹೋಗಿರುತ್ತದೆ.

ಸರ್ಕಾರಿ ನೌಕರರು ಸದಸ್ಯರಾದ ಮೇಲೂ ವಂತಿಗೆ ಸಂಗ್ರಹಕ್ಕೆ ಇಳಿಯಬೇಡಿ. ನಡತೆ ನಿಯಮಗಳ ಪ್ರಕಾರ ಅದಕ್ಕೆ ಪೂರ್ವಾನುಮತಿ ಬೇಕು.

ಮಹಿಳೆಯರು ಇನ್ನೂ ಒಂದು ಪ್ರಶ್ನೆ ಕೇಳಿ: "ನನ್ನದು ಪೂರ್ಣ ಸದಸ್ಯತ್ವವೇ, ಮಹಿಳಾ ವಿಭಾಗಕ್ಕೆ ಮಾತ್ರವೇ?" ಹಲವು ಘಟಕಗಳಲ್ಲಿ ಸದಸ್ಯರ ಪತ್ನಿಯರ ಬಳಗವಾಗಿ ಬೆಳೆದ ಲೇಡಿ ಜೇಸಿ ವಿಭಾಗ ಇದೆ. ವೃತ್ತಿಯ ಕಾರಣಕ್ಕೆ ಬರುವ ಮಹಿಳೆಯನ್ನೂ ಅಭ್ಯಾಸಬಲದಿಂದ ಅಲ್ಲಿಗೇ ಕಳಿಸಿ, ಆರತಿ ತಟ್ಟೆ, ರಂಗೋಲಿ ಸ್ಪರ್ಧೆ ವಹಿಸುತ್ತಾರೆ. ಪೂರ್ಣ ಸದಸ್ಯತ್ವ ಎಲ್ಲರಿಗೂ ತೆರೆದಿದೆ, ಮಹಿಳೆಯರು ಅಧ್ಯಕ್ಷರಾದ ಘಟಕಗಳೂ ಬೇಕಾದಷ್ಟಿವೆ. ಅದನ್ನೇ ಕೇಳಿ ಪಡೆಯಿರಿ.

6. ಸೇರಿದ ಮೂರು ತಿಂಗಳೊಳಗೆ ಒಂದು ಸಣ್ಣ ಕೆಲಸ ಹಿಡಿದು ಮುಗಿಸಿ

ಇಡೀ ಲೇಖನದಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ. ವಿಸಿಟಿಂಗ್ ಕಾರ್ಡ್ ಪಡೆದವರು ಅದನ್ನು ಜೇಬಿನಲ್ಲಿಟ್ಟು ಮರೆಯುತ್ತಾರೆ. ಜೊತೆಗೆ ಕುರ್ಚಿ ಜೋಡಿಸಿದವರು ಮರೆಯುವುದಿಲ್ಲ. ನೀವು ಹೇಳಿದ ಹೊತ್ತಿಗೆ ಬರುತ್ತೀರಾ, ಲೆಕ್ಕ ಸರಿಯಾಗಿ ಕೊಡುತ್ತೀರಾ ಎಂಬುದನ್ನು ಜನ ಇಂಥ ಕೆಲಸದಲ್ಲೇ ಅಳೆಯುತ್ತಾರೆ. ಆಮೇಲೆ ತಾನೇ "ನಮ್ಮಲ್ಲೊಬ್ಬರು ಇದ್ದಾರೆ, ಅವರನ್ನು ಕೇಳಿ" ಎಂದು ನಿಮ್ಮ ಹೆಸರು ಹೇಳುವುದು?

ಹೊಸಬರಿಗೆ ಅತ್ಯುತ್ತಮ ಜಾಗ ನೋಂದಣಿ ಮೇಜು. ಬರುವ ಪ್ರತಿಯೊಬ್ಬರ ಹೆಸರು, ವೃತ್ತಿ, ಫೋನ್ ನಂಬರ್ ಬರೆಸಿಕೊಳ್ಳುವವರು ನೀವೇ. ಅರ್ಧ ಗಂಟೆಯಲ್ಲಿ ಐವತ್ತು ಜನರ ಮುಖ ಪರಿಚಯವಾಗುತ್ತದೆ. ಆದರೆ ಆ ನಂಬರ್‌ಗಳನ್ನು ಸ್ವಂತ ವ್ಯಾಪಾರಕ್ಕೆ ಬಳಸಲೇಬೇಡಿ, ಒಮ್ಮೆ ಬಳಸಿದರೂ ಹೆಸರು ಕೆಟ್ಟಿತು. ನಂತರ ಒಂದು ಸಲ ವಂದನಾರ್ಪಣೆ, ಮತ್ತೊಂದು ಸಲ ಅತಿಥಿ ಪರಿಚಯ ಕೇಳಿ ಪಡೆಯಿರಿ. ಎರಡೂ ಎರಡೆರಡು ನಿಮಿಷದವು, ಚೀಟಿ ನೋಡಿ ಓದಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಅತಿಥಿಯ ಹೆಸರು, ಪದವಿಯನ್ನು ಹಿಂದಿನ ದಿನ ಅವರಿಂದಲೇ ಖಚಿತ ಮಾಡಿಕೊಳ್ಳಿ. ವೇದಿಕೆಯಲ್ಲಿ ಅತಿ ಹೆಚ್ಚು ಮುಜುಗರ ತರುವುದು ತಪ್ಪು ಹೆಸರು.

ಆಮೇಲೆ ಒಂದು ಇಡೀ ಕಾರ್ಯಕ್ರಮದ ನಿರ್ದೇಶಕರಾಗಿ. ಜೇಸಿಯಲ್ಲಿ 'ಕಾರ್ಯಕ್ರಮ ನಿರ್ದೇಶಕ' ಎಂದರೆ ಆ ಒಂದು ಕಾರ್ಯಕ್ರಮದ ಪೂರ್ತಿ ಹೊಣೆ ಹೊತ್ತವರು. ಸರ್ಕಾರಿ ಪ್ರೌಢಶಾಲೆಯ 60 ಮಕ್ಕಳಿಗೆ ಅರ್ಧ ದಿನದ ಭಾಷಣ ಕಲೆ ತರಬೇತಿ ಮೊದಲ ಪ್ರಯತ್ನಕ್ಕೆ ಹೇಳಿ ಮಾಡಿಸಿದ್ದು. ಲೆಕ್ಕ ಹಾಕುವ ಬಗೆ ತಿಳಿಯಲೆಂದು ಒಂದು ಮಾದರಿ, ನಿಮ್ಮೂರಿನ ದರ ಹಾಕಿಕೊಳ್ಳಿ:

- ಚಹಾ, ತಿಂಡಿ: 65 ಜನ, ತಲಾ ₹30, ಒಟ್ಟು ₹1,950
- ಪ್ರಮಾಣಪತ್ರ: 60, ತಲಾ ₹15, ಒಟ್ಟು ₹900
- ಫ್ಲೆಕ್ಸ್: 6×4 ಅಡಿ, ಅಂದರೆ 24 ಚದರ ಅಡಿ, ₹15ರಂತೆ ₹360
- ತರಬೇತುದಾರರ ಪ್ರಯಾಣ: ₹1,500
- ಸ್ಮರಣಿಕೆ: ₹400
- ಆಕಸ್ಮಿಕ ಖರ್ಚಿಗೆ ಸುಮಾರು ಹತ್ತನೇ ಒಂದು ಪಾಲು: ₹510

ಒಟ್ಟು ₹5,620. ವಲಯದ ತರಬೇತುದಾರರು ಬಹಳ ಕಡೆ ಸಂಭಾವನೆ ಕೇಳುವುದಿಲ್ಲ. ಆದರೂ ಪ್ರಯಾಣ ವೆಚ್ಚ ಕೊಡದೆ ಕಳಿಸುವುದು ಸರಿಯಲ್ಲ.

ಇಪ್ಪತ್ತೊಂದು ದಿನ ಮೊದಲು ಮುಖ್ಯೋಪಾಧ್ಯಾಯರಿಗೆ ಘಟಕದ ಲೆಟರ್‌ಹೆಡ್‌ನಲ್ಲಿ ಪತ್ರ ಕೊಟ್ಟು, ನಕಲಿನ ಮೇಲೆ ಶಾಲೆಯ ಮೊಹರು ಹಾಕಿಸಿಕೊಳ್ಳಿ. ಪರೀಕ್ಷೆ, ಕ್ರೀಡಾಕೂಟ, ಸ್ಥಳೀಯ ರಜೆ ಇದೆಯೇ ಎಂದು ಅಲ್ಲೇ ಕೇಳಿ. ಬಹಳಷ್ಟು ಕಾರ್ಯಕ್ರಮ ಎಡವುವುದು ಈ ಒಂದು ಪ್ರಶ್ನೆ ಕೇಳದೆ. ಹತ್ತು ದಿನ ಮೊದಲು ತರಬೇತುದಾರರು, ಅತಿಥಿಗಳನ್ನು ಖಚಿತಪಡಿಸಿಕೊಳ್ಳಿ. ಮೂರು ದಿನ ಮೊದಲು ಎಲ್ಲರಿಗೂ ಮತ್ತೊಮ್ಮೆ ಫೋನ್ ಮಾಡಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಕೈಮುಗಿಯುವ ಎಮೋಜಿಯನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಆ ದಿನ ಒಂದು ಗಂಟೆ ಮುಂಚೆ ಹೋಗಿ ಮೈಕ್, ಕರೆಂಟು, ಕುಡಿಯುವ ನೀರು ನೋಡಿ. ಸಭಾ ಕಾರ್ಯಕ್ರಮವನ್ನು ಇಪ್ಪತ್ತು ನಿಮಿಷಕ್ಕೆ ಕಟ್ಟಿಹಾಕಿ. ವೇದಿಕೆಯಲ್ಲಿ ಏಳು ಜನ ಕೂತು ಏಳೂ ಜನ ಮಾತಾಡಿದರೆ ಮಕ್ಕಳ ಪಾಲಿನ ತರಬೇತಿ ಹೋಯಿತು.

ಮುಗಿದ ಏಳು ದಿನದೊಳಗೆ ಬಿಲ್ಲುಗಳ ಸಮೇತ ಲೆಕ್ಕ ಖಜಾಂಚಿಗೆ, ಒಂದು ಪುಟದ ವರದಿ ಕಾರ್ಯದರ್ಶಿಗೆ ಕೊಡಿ. ಇದು ಯಾರೂ ಕೇಳದಿದ್ದರೂ ಮಾಡಬೇಕಾದ ಕೆಲಸ, ಕೇಳದೆ ಕೊಟ್ಟವರನ್ನು ಜನ ಗುರುತಿಟ್ಟುಕೊಳ್ಳುತ್ತಾರೆ.

7. ಪರಿಚಯ ಉಳಿಸಿಕೊಳ್ಳಿ

ಸಭೆ ಮುಗಿದ ಮಾರನೆಯ ದಿನವೇ ನಂಬರ್ ಸೇವ್ ಮಾಡುವಾಗ ಹೆಸರಿನ ಜೊತೆ ಒಂದು ಗುರುತು ಬರೆಯಿರಿ: 'ರವಿ ಹಾರ್ಡ್‌ವೇರ್ ಜೇಸಿ'. ತಿಂಗಳಿಗೆ ಒಬ್ಬರನ್ನು ಅವರ ಅಂಗಡಿಗೋ ಕಚೇರಿಗೋ ಹೋಗಿ ಭೇಟಿ ಮಾಡಿ, ಹೋಗುವ ಮುನ್ನ ಫೋನ್ ಮಾಡಿ, ಅರ್ಧ ಗಂಟೆಗೆ ಎದ್ದುಬಿಡಿ. ನಿಮ್ಮ ಕೆಲಸದ ಬಗ್ಗೆ ಹೇಳುವುದಕ್ಕಿಂತ ಅವರ ವ್ಯವಹಾರ ಹೇಗೆ ನಡೆಯುತ್ತದೆ ಎಂದು ಕೇಳಿ. ಯಾರಾದರೂ ನಿಮ್ಮ ಹೆಸರು ಹೇಳಿ ಗಿರಾಕಿ ಕಳಿಸಿದರೆ, ಕೆಲಸ ಆಯಿತೋ ಇಲ್ಲವೋ ಎಂಬುದನ್ನು ಅವರಿಗೆ ಮರಳಿ ತಿಳಿಸಿ. ಇದನ್ನು ಮರೆತರೆ ಎರಡನೆಯ ಗಿರಾಕಿ ಬರುವುದಿಲ್ಲ.

ಘಟಕದ ವಾಟ್ಸ್ಆ್ಯಪ್ ಗುಂಪಿನಲ್ಲಿ ಶುಭೋದಯ, ರಾಜಕೀಯ, ಸ್ವಂತ ಜಾಹೀರಾತು ಹಾಕಬೇಡಿ. ಮೊದಲ ಪರಿಚಯದಲ್ಲೇ ವಿಮೆ ಪಾಲಿಸಿ, ನೆಟ್‌ವರ್ಕ್ ಮಾರ್ಕೆಟಿಂಗ್ ಯೋಜನೆ ತೆಗೆಯುವವರಿಂದ ದೂರವಿರಿ, ನೀವಂತೂ ಹಾಗೆ ಮಾಡಲೇಬೇಡಿ. ಚೀಟಿ ವ್ಯವಹಾರ, ಕೈಸಾಲ, ಸಾಲಕ್ಕೆ ಜಾಮೀನು: ಈ ಮೂರಕ್ಕೂ "ನಮ್ಮ ಮನೆಯಲ್ಲಿ ಒಪ್ಪುವುದಿಲ್ಲ" ಎಂಬ ಹಳೆಯ ಉತ್ತರವೇ ಸಾಕು. ಜೊತೆಗೆ ವೇದಿಕೆ ಹಂಚಿಕೊಂಡ ಮಾತ್ರಕ್ಕೆ ಅವರ ಸಾಲಕ್ಕೆ ಸಹಿ ಹಾಕಬೇಕಿಲ್ಲ.

8. ಹುದ್ದೆ ಒಪ್ಪುವ ಮುನ್ನ, ಬಿಡುವ ಮುನ್ನ

ಚುರುಕಾಗಿ ಕೆಲಸ ಮಾಡಿದರೆ ಎರಡನೇ ವರ್ಷಕ್ಕೇ "ಮುಂದಿನ ಸಲ ನೀವೇ ಅಧ್ಯಕ್ಷರಾಗಿ" ಎನ್ನುತ್ತಾರೆ. ಹೊಗಳಿಕೆ ನಿಜವಿರಬಹುದು, ಯಾರೂ ಸಿಗದಿರುವುದೂ ಕಾರಣವಿರಬಹುದು. ಅಧ್ಯಕ್ಷರ ವರ್ಷಕ್ಕೆ ಸ್ವಂತ ಜೇಬಿನಿಂದ ಎಷ್ಟು ಹೋಗುತ್ತದೆ ಎಂಬುದನ್ನು ಹಿಂದಿನ ಇಬ್ಬರು ಅಧ್ಯಕ್ಷರನ್ನು ಬೇರೆಬೇರೆಯಾಗಿ ಕೇಳಿ. ಮೊದಲು ಉಪಾಧ್ಯಕ್ಷ ಅಥವಾ ಕಾರ್ಯದರ್ಶಿಯಾಗಿ ಒಂದು ವರ್ಷ ಕಳೆಯಿರಿ. ಕಾರ್ಯದರ್ಶಿಯ ಹುದ್ದೆಯಲ್ಲಿ ಹಾರ ತುರಾಯಿ ಕಡಿಮೆ, ಕಲಿಕೆ ಹೆಚ್ಚು: ಪತ್ರ, ನಡಾವಳಿ, ವರದಿ, ಜನರನ್ನು ಹೊಂದಿಸುವುದು ಎಲ್ಲವೂ ಅಲ್ಲೇ. ವಯಸ್ಸು 37 ದಾಟಿದ್ದರೆ ಲೆಕ್ಕ ಹಾಕಿಯೇ ಹೆಜ್ಜೆ ಇಡಿ, 40ರ ಮಿತಿ ಹತ್ತಿರದಲ್ಲೇ ಇದೆ.

ಮದುವೆ, ಮಗು, ವರ್ಗಾವಣೆ ಯಾವ ಕಾರಣಕ್ಕಾದರೂ ಬಿಡಬೇಕಾದರೆ ಮಾತಾಡದೆ ಮಾಯವಾಗಬೇಡಿ. ಡಿಸೆಂಬರ್ ಮುಗಿಯುವ ಮುನ್ನ ಕಾರ್ಯದರ್ಶಿಗೆ ಒಂದು ಸಾಲು ಬರೆದು, ಕೈಯಲ್ಲಿರುವ ರಶೀದಿ ಪುಸ್ತಕ, ಬ್ಯಾನರ್, ಬಾಕಿ ಹಣ ಒಪ್ಪಿಸಿ, ಒಪ್ಪಿಸಿದ್ದಕ್ಕೆ ಸಹಿ ಪಡೆಯಿರಿ. ಬೇರೆ ಊರಿಗೆ ಹೋಗುವವರಾದರೆ ಅಲ್ಲಿನ ಘಟಕದ ಅಧ್ಯಕ್ಷರಿಗೆ ಒಂದು ಫೋನ್ ಮಾಡಿಸಿಕೊಳ್ಳಿ. ಹೊಸ ಊರಿನಲ್ಲಿ ನಿಮ್ಮ ಬಗ್ಗೆ ಮೊದಲ ಮಾತು ಆಡುವವರು ಹಳೆಯ ಊರಿನ ಖಜಾಂಚಿಯೇ.